ನಲವತ್ತೊಂದನೇ ಫಾರಂ

ಗೋಪನಕೊಪ್ಪ, ಹುಬ್ಬಳ್ಳಿ
೯ ಫೆಬ್ರುವರಿ ೨೦೨೫, ರವಿವಾರ

ಚಿ. ಚಿನ್ಮಯೀಗೆ ಅಪ್ಪನ ಅನೇಕ ಆಶೀರ್ವಾದಗಳು.

ನಾನೂ ನಿನ್ನ ಅಮ್ಮನೂ ಇಲ್ಲಿ ನೆಟ್ಟಗಿದ್ದೇವೆ. ಮಣಿಪಾಲದ ಸೆಕೆ ನಿನಗೆ ಒಗ್ಗಿತೋ ಇಲ್ಲವೋ. ಇದು ಹದಿನೈದು ದಿನದ ಹಿಂದೆಯೇ ಬರೆಯಬೇಕಾಗಿದ್ದ ಕಾಗದ, ತಡವಾಯಿತು, ಬೈಯಬೇಡ. ದಿನಾ ಫೋನ್ ಮಾಡುವ ಅಪ್ಪನಿಗೆ ಇದೇನು ಹೊಸ ಹುಕಿ ಎಂದು ನಗುತ್ತಿರಬೇಕು. ಫೋನಿನಲ್ಲಿ ನೀನು ನನಗೆ ಒಂದು ಮಾತು ಪೂರಾ ಆಡಗೊಡುವುದಿಲ್ಲ. ಮೇಲಾಗಿ ನಿನ್ನ ಅಮ್ಮ ಸುಹಾಸಿನಿಬಾಯಿಯವರು ಸ್ಪೀಕರ್ ಹಚ್ಚಿಕೊಂಡು ಪಕ್ಕದಲ್ಲೇ ಕೂತಿರುತ್ತಾರೆ.

ಈ ತಿಂಗಳ ಕೊನೆಗೆ ನೀನು ಪ್ರಬಂಧ ಒಪ್ಪಿಸುತ್ತೀ ಅಂತ ಓಣಿಗೆಲ್ಲ ಹೇಳಿಕೊಂಡು ಬಂದಿದ್ದೇನೆ. ನಿನ್ನೆ ಸಂತೆಯಲ್ಲಿ ಕಾಯಿಪಲ್ಲೆ ಮಾರುವವಳಿಗೂ ಹೇಳಿದೆ. "ನಡದ ಮಣಿಗೆ ಸ್ಕ್ರೂ ಹಾಕಿ ಕೂಡಸ್ತಾರಲ್ಲ, ಆ ಆಪರೇಶನ್ ಆದಮ್ಯಾಲೆ ಮಂದಿ ಹ್ಯಾಂಗ ಬದುಕ್ತಾರ ಅಂತ ನನ್ನ ಮಗಳು ಅಭ್ಯಾಸ ಮಾಡ್ಯಾಳ" ಅಂದೆ. ಅವಳು "ಛಲೋ ಆತ್ರಿ, ನಮ್ಮವ್ವಗೂ ನಡಾ ನೋಯ್ತೈತಿ" ಅಂದು ಕೊತ್ತಂಬರಿ ಒಂದು ಸಿವುಡು ಹೆಚ್ಚಿಗೆ ಹಾಕಿದಳು. ನಿನ್ನ ಅಮ್ಮ ಆ ಕೊತ್ತಂಬರಿ ನೋಡಿ, "ಪಿಎಚ್‌ಡಿ ಮುಗಿಯೂದ್ರಾಗ ಪ್ಯಾಟಿನ ಮನಿಗೆ ಬರ್ತದ ತೊಗೋರಿ" ಅಂತ ಚೇಷ್ಟೆ ಮಾಡಿದಳು. ಮಾಡಲಿ. ನಲವತ್ತು ವರ್ಷ ಬೇರೆಯವರ ಮಕ್ಕಳಿಗೆ ಗಣಿತ ಕಲಿಸಿ ಅವರ ಬಗ್ಗೆ ಹೆಮ್ಮೆಪಟ್ಟವನು ನಾನು, ಈಗ ನನ್ನ ಮಗಳ ಬಗ್ಗೆ ಪಡುತ್ತಿದ್ದೇನೆ.

ಮೂರು ವರ್ಷದ ಹಿಂದೆ ನನಗೂ ಬೆನ್ನೆಲುಬಿನ ಅದೇ ಆಪರೇಶನ್ ಆದದ್ದು. ಅಪ್ಪನನ್ನು ನೋಡಿಯೇ ಈ ವಿಷಯ ಆರಿಸಿಕೊಂಡೆ ಎಂದು ನೀನು ನಿನ್ನ ಗೈಡ್ ಎದುರಿಗೆ ಹೇಳಿದೆಯಂತೆ. ಇಲ್ಲಿ ನಿನ್ನ ಫಾರಂ ಕೆಲಸ ನೋಡಿಕೊಳ್ಳುವ ಆರತಿ ಹೇಳಿದಳು. ಆ ದಿನ ನನಗೆ ಊಟ ಸೇರಲಿಲ್ಲ.

ಹೋದ ಶ್ರಾವಣದಲ್ಲಿ ತಪಾಸಣೆಗೆ ಬಾರದವರ ಪಟ್ಟಿ ಕಳಿಸಿ, "ಅಪ್ಪಾ, ಇವರನ್ನ ಮಾತಾಡಿಸಿ ಫಾರಂ ತುಂಬಿಸಿಕೊಂಡು ಬರ್ತೀರೇನು?" ಅಂತ ಕೇಳಿದ್ದೆಯಲ್ಲ, ಆಗ ಗರಗ ಹಳ್ಳಿಯಲ್ಲಿ ಏನಾಯಿತು ಎಂಬುದನ್ನು ನಿನಗೆ ಪೂರಾ ಹೇಳಿಯೇ ಇಲ್ಲ. ನೀನು ಕೇಳಿಸಿಕೊಂಡದ್ದು ಬರೀ ಉತ್ತರ. ಮಾಸ್ತರರಿಗೆ ಲೆಕ್ಕ ಬಿಡಿಸಿದ ರೀತಿಯನ್ನೂ ಹೇಳದಿದ್ದರೆ ಸಮಾಧಾನವಿಲ್ಲ.

ಪಟ್ಟಿಯಲ್ಲಿ ಮೊದಲನೆಯವಳು ಶಿವಬಸವ್ವ. ಖಾದಿ ಕೇಂದ್ರದಲ್ಲಿ ಮೂವತ್ತು ವರ್ಷ ನೂಲು ತೆಗೆದವಳು, ಅರವತ್ತರ ಆಸುಪಾಸು. ನನ್ನನ್ನು ಕಟ್ಟೆಯ ಮೇಲೆ ಕೂಡಿಸಿ ತಾನು ಎದುರಿಗೆ ಕುರ್ಚಿಯ ಮೇಲೆ ಕೂತಳು. ನಾನು ಫಾರಂ ಓದಿದೆ. ನೋವು? "ಇಲ್ರಿ." ಕೂಡುವುದು? "ಛಲೋ ಕೂಡ್ತೇನ್ರಿ." ನಡೆಯುವುದು? "ಮಸ್ತ್ ನಡೀತೇನ್ರಿ." ಐದು ನಿಮಿಷದಲ್ಲಿ ಎಲ್ಲ ಮುಗಿದು ನೂರಕ್ಕೆ ನೂರು. ನನಗೆ ಅನುಮಾನ ಬಂತು. ನೂರಕ್ಕೆ ನೂರು ತೆಗೆದ ಹುಡುಗನ ಮುಂದಿನ ಬೆಂಚಿನಲ್ಲಿ ಯಾರು ಕೂತಿದ್ದರು ಎಂದು ನೋಡುವುದು ನನ್ನ ಹಳೆಯ ಚಾಳಿ.

ಅಷ್ಟರಲ್ಲಿ ಒಳಗಿನಿಂದ ರೊಟ್ಟಿ ಬಡಿಯುವ ಸಪ್ಪಳ ಬಂತು. ನಾನು ಫಾರಂ ಮಡಚಿ ಚೀಲಕ್ಕೆ ಹಾಕಿ, "ಶಿವಬಸವ್ವಾ, ಈ ಮನ್ಯಾಗ ರೊಟ್ಟಿ ಯಾರು ಬಡೀತಾರ್ರಿ?" ಅಂತ ಕೇಳಿದೆ.

"ಸೊಸಿ ಬಡೀತಾಳ್ರಿ."

"ಮೊದಲ?"

"ನಾನ ಬಡೀತಿದ್ನಿ. ಇಪ್ಪತ್ತು ಮಂದೀದು. ಈಗ ಕೆಳಗ ಕುಂತ್ರ ಏಳಾಕ ಬರಂಗಿಲ್ರಿ ಮಾಸ್ತರ. ಲಿಂಗಪೂಜಿನೂ ಕುರ್ಚಿ ಮ್ಯಾಲ ಕುಂತ ಮಾಡ್ಕೋತೇನಿ. ಸಂಜಿಕ ಬ್ಯಾನಿ ಬರತಾವ, ಹೋಗತಾವ."

"ಮತ್ತ ಏನೂ ಇಲ್ಲ ಅಂತ ಬರಸಿದ್ರೆಲ್ಲ?"

ಅವಳು ನನ್ನನ್ನು ದಡ್ಡ ಹುಡುಗನನ್ನು ನೋಡುವಂತೆ ನೋಡಿದಳು. "ಆಪರೇಶನ್ನಿಗಿಂತ ಮೊದಲ ಸಂಡಾಸಕ್ಕ ಹೋಗಾಕ ಇಬ್ಬರು ನನ್ನ ಹಿಡೀಬೇಕಾಗಿತ್ತು. ಅಂಥಾಕಿನ್ನ ಡಾಕ್ಟರು ಎಬ್ಬಿಸಿ ನಿಂದರ್ಸ್ಯಾರ. ಅವರ ಕಾಗದದಾಗ ನನಗ ನೋಯ್ತೈತಿ ಅಂತ ಹೆಂಗ ಬರಸ್ಲಿ? ಉಂಡ ಮನಿ ಜಂತಿ ಎಣಸಬಾರದ್ರಿ." ಈ ಆಪರೇಶನ್ ಮತ್ತೆ ಮಾಡಿಸಿಕೊಳ್ಳುತ್ತೀರಾ ಎಂಬ ಕಡೆಯ ಪ್ರಶ್ನೆಗೆ ಮಾತ್ರ ಅವಳು ತಡಮಾಡಲಿಲ್ಲ. "ನಾಳೆ ಮಾಡ್ತೀನಿ ಬಾ ಅಂದ್ರ ನಾಳೇನ ಹೋಗ್ತೇನಿ" ಅಂದಳು. ಅದನ್ನು ನಾನು ನಂಬಿದೆ.

ತಿಳಿಯಿತಲ್ಲ? ನಮ್ಮ ಮಂದಿಗೆ ಆ ಫಾರಂ ಪರೀಕ್ಷೆಯ ಹಾಳೆಯಂತೆ ಕಾಣುವುದೇ ಇಲ್ಲ. ಊಟವಾದ ಮೇಲೆ ಮನೆಯ ಯಜಮಾನರು "ಹ್ಯಾಂಗಾತ್ರಿ?" ಅಂತ ಕೇಳಿದ ಹಾಗೆ ಕೇಳಿಸುತ್ತದೆ. ಉಪ್ಪು ಕಡಿಮೆಯಾಗಿದ್ದರೂ ನಾವು ಏನನ್ನುತ್ತೇವೆ?

ಇದರ ಸಾರವನ್ನಷ್ಟೇ ಫೋನಿನಲ್ಲಿ ನಿನಗೆ ಹೇಳಿದಾಗ ನಿನ್ನ ಕೆಲಸ ಮುಗಿಯುತ್ತ ಬಂದಿತ್ತು. ಅರವತ್ತು ಫಾರಂ ತುಂಬಿದ್ದವು, ಸುಮಾರು ಎಲ್ಲರೂ ಸುಖವಾಗಿದ್ದರು. ಬೇರೆ ಯಾರಾದರೂ ಆಗಿದ್ದರೆ "ನಿಮ್ಮ ರೊಟ್ಟಿ ಪುರಾಣ ಬಿಡ್ರಿ" ಅನ್ನುತ್ತಿದ್ದರು. ನೀನು ಕೆಳಗೆ ಕೂಡುವುದು, ರೊಟ್ಟಿ ಬಡಿಯುವುದು, ಪೂಜೆ, ಹಿರಿಯರ ಕಾಲಿಗೆ ಬಾಗುವುದು, ಬಸ್ಸು ಹತ್ತುವುದು ಎಲ್ಲ ಸೇರಿಸಿ ನಮ್ಮ ಮಾತಿನಲ್ಲೇ ಪ್ರಶ್ನೆ ಬರೆದು, ಆರತಿಯ ಕೈಯಿಂದ ಅರವತ್ತೂ ಮಂದಿಯನ್ನು ಮತ್ತೆ ಕೇಳಿಸಿದೆ. ಐದು ತಿಂಗಳು ಹೋದವು. ಅಂಕ ಇಳಿದವು. ಮೊದಲಿನ ಫಲಿತಾಂಶವೇ ಚಂದ ಇತ್ತಲ್ಲ ಎಂದು ಗೈಡ್ ಅಂದಾಗ, "ಚಂದ ಇದ್ದದ್ದು ಬ್ಯಾಡ್ರಿ ಸರ್, ಖರೇ ಇದ್ದದ್ದು ಬೇಕು" ಅಂದೆಯಂತೆ. ನಿನ್ನ ಅಮ್ಮ ಈ ಮಾತನ್ನು ನನಗೆ ಹೇಳುವಾಗ ಒಲೆಯ ಮೇಲಿನ ಹಾಲು ಉಕ್ಕಿಹೋಯಿತು, ಇಬ್ಬರೂ ಏಳಲಿಲ್ಲ.

ಚಿನ್ನೂ, ನನ್ನ ಕೈಕೆಳಗೆ ಎಷ್ಟೋ ಜಾಣರು ಕಲಿತು ಹೋದರು. ತನ್ನ ಉತ್ತರ ತಪ್ಪೆಂದು ಗೊತ್ತಾದಾಗ ತಾನೇ ಅಳಿಸಿ ಮೊದಲಿನಿಂದ ಮಾಡಿದವರು ಅವರಲ್ಲಿ ನಾಲ್ಕು ಮಂದಿಯೂ ಇರಲಿಕ್ಕಿಲ್ಲ. ನೀನು ಮಾಡಿದೆ. ನಿನ್ನ ಅಪ್ಪ ಎಂದು ಹೇಳಿಕೊಳ್ಳಲು ನನಗೆ ಎದೆ ತುಂಬುತ್ತದೆ.

ಹೊತ್ತಿಗೆ ಸರಿಯಾಗಿ ಊಟ ಮಾಡು. ಅಮ್ಮ ಶೇಂಗಾ ಹೋಳಿಗೆ ಕಳಿಸುತ್ತಿದ್ದಾಳೆ, ಆರತಿ ಅಲ್ಲಿಗೆ ಬಂದಾಗ ಅವಳಿಗೂ ಕೊಡು. ನಿನ್ನ ಕೆಲಸ ನಿರ್ವಿಘ್ನವಾಗಿ ಸಾಗಲಿ, ನಿನ್ನ ಹೆಸರು ನನ್ನ ಹೆಸರಿಗಿಂತ ದೂರ ಹೋಗಲಿ.

ನಿನ್ನ ಅಪ್ಪ
ಬಾಳಕೃಷ್ಣ

ತಾ.ಕ.: ಈ ಕಾಗದ ತಡವಾದದ್ದಕ್ಕೆ ಕಾರಣ ಇದು. ಫಾರಮಿನ ಮೇಲೆ ಹೆಸರಿಲ್ಲ, ಬರೀ ನಂಬರು. ಯಾವುದು ಯಾರದೆಂದು ನಿನಗೂ ತಿಳಿಯದ ಹಾಗೆ ಆರತಿ ಇಟ್ಟಿದ್ದಾಳೆ. ನಲವತ್ತೊಂದನೇ ಫಾರಂ ನನ್ನದು. ಮೊದಲ ಸಲವೂ ಸುಳ್ಳು ಬರೆಸಿದೆ, ಗರಗದಿಂದ ಬಂದ ಮೇಲೆ ಎರಡನೇ ಸಲವೂ ಬರೆಸಿದೆ. ದಯಮಾಡಿ ತಿದ್ದು. ನೋವು: ದಿನಾಲೂ ಇದೆ. ಕೂಡುವುದು: ಇಪ್ಪತ್ತು ನಿಮಿಷ. ಎಡಗಾಲಿನ ಪಾದಕ್ಕೆ ಹಿಡಿದ ಜೋಮು ಮೂರು ವರ್ಷದಿಂದ ಬಿಟ್ಟಿಲ್ಲ, ಚಪ್ಪಲಿ ಕಳಚಿಹೋದರೂ ಗೊತ್ತಾಗುವುದಿಲ್ಲ. ಆಪರೇಶನ್ ಬೇಡ ಎಂದು ನಿನ್ನ ಅಮ್ಮ ಅತ್ತಳು. ಆಗಲಿ ಎಂದವಳು ನೀನು, ದವಾಖಾನೆಯ ಕಾಗದಕ್ಕೆ ಸಹಿ ಹಾಕಿದವಳೂ ನೀನು. ಹೊಲಿಗೆ ಬಿಚ್ಚಿಸಿಕೊಂಡು ಬಂದ ದಿನ ನಾನು ಗೇಟಿನಿಂದ ಪಡಸಾಲೆಯವರೆಗೆ ಯಾರ ಕೈಯೂ ಹಿಡಿಯದೆ ನಡೆದೆ. ನೀನು ಅಮ್ಮನ ಕಡೆ ತಿರುಗಿ "ನೋಡಿದ್ಯಾ?" ಅಂದೆ. ನಿನ್ನ ಆ ಮುಖ ಕಂಡ ಮೇಲೆ ನೋವಿದೆ ಎನ್ನಲು ನನಗೆ ಬಾಯಿ ಬರಲಿಲ್ಲ. ಅಮ್ಮನಿಗೆ ಇದನ್ನು ನಾನೇ ಹೇಳುತ್ತೇನೆ, ನೀನು ಹೇಳಬೇಡ. ಇನ್ನು ಮತ್ತೆ ಮಾಡಿಸಿಕೊಳ್ಳುತ್ತೀರಾ ಎಂಬ ಪ್ರಶ್ನೆಗೆ ಎರಡೂ ಸಲ ಹೌದು ಅಂದಿದ್ದೇನೆ. ಅದನ್ನು ಅಳಿಸು. ಅದಕ್ಕೆ ಉತ್ತರ ನನಗೇ ಗೊತ್ತಿಲ್ಲ ಮಗಳೇ, ಖಾಲಿ ಬಿಡು.