ಪರದೆಯ ಮೇಲಿನ ಸೊಟ್ಟ ಅಕ್ಷರಗಳು

ನವೆಂಬರ್ 12, 2007. ಬಸವನಗುಡಿ, ಕಾಲೇಜು ಲ್ಯಾಬ್

ಮತ್ತೆ ಹೆಡ್‌ಫೋನ್ ಒರೆಸಿಟ್ಟೆ. ಇಂದು ಪ್ರಯೋಗಕ್ಕೆ ಬಂದವರೂ ಅರ್ಧಕ್ಕೇ ಕೈಬಿಟ್ಟರು. ಕಣ್ಣು ಕಾಣದವರು ವೆಬ್‌ಸೈಟ್ ಬಳಸಬಲ್ಲರೇ — ಇದು ನನ್ನ ಪಿಎಚ್‌ಡಿ. ವರದರಾಜ ಸರ್ ಬೈದರು. ಗೈಡ್ ಅಲ್ಲವೇ, ಬೈಯುವುದು ಅವರ ಹಕ್ಕು.

"ಸುಳ್ಳು ಫಾರ್ಮ್ ಕೊಟ್ರೆ ಯಾರು ಮನಸ್ಸಿಟ್ಟು ಮಾಡ್ತಾರೆ ಪ್ರಿಯಂವದಾ? ಅವರದ್ದೇ ನಿಜವಾದ ಕೆಲಸ ತರೋಕೆ ಹೇಳಮ್ಮ. ಏನೇ ಆದ್ರೂ ನೀನು ಬಾಯಿ ಬಿಡಬಾರ್ದು, ಸಹಾಯ ಮಾಡಿದ್ರೆ ಪ್ರಯೋಗವೇ ಕೆಟ್ಟುಹೋಗುತ್ತೆ."

ನವೆಂಬರ್ 15, ಮಧ್ಯಾಹ್ನ

ಶ್ರೀರಾಂಪುರದಿಂದ ಶಿವಶಂಕರ್ ಪ್ರಯೋಗಕ್ಕೆ ಬಂದಿದ್ದಾರೆ, ಅವರಿಗೂ ಕಣ್ಣು ಕಾಣದು. ನಿಜವಾದ ಕೆಲಸವನ್ನೇ ತಂದಿದ್ದಾರೆ, ಪುಣ್ಯಾತ್ಮ! ಕ್ಲರ್ಕ್ ಹುದ್ದೆಯ ಅರ್ಜಿ. ಆನ್‌ಲೈನ್ ಮಾತ್ರ. ಇವತ್ತೇ ಕೊನೆ, ಐದು ಗಂಟೆಗೆ. ಮುಂದಿನ ವರ್ಷ ವಯಸ್ಸು ಮೀರುತ್ತದೆ.

"ತಮ್ಮ ತುಂಬ್ಕೊಡ್ತೀನಿ ಅಂದ, ಮೇಡಂ. ನಾನೇ ಬೇಡ ಅಂದೆ. ಒಂದಾದ್ರೂ ನಾನೇ ಮಾಡ್ಬೇಕು."

4.20

ಪರದೆಯಲ್ಲಿರುವುದನ್ನು ಸಾಫ್ಟ್‌ವೇರ್ ಹೆಡ್‌ಫೋನಿನಲ್ಲಿ ಓದಿ ಹೇಳುತ್ತದೆ, ಅವರು ಟೈಪ್ ಮಾಡುತ್ತಾರೆ. ನನಗಿಂತ ಬೇಗ. ಈಗ ಕೊನೆಯ ಪುಟ. ಅಲ್ಲೊಂದು ಚಿತ್ರ, ಅದರಲ್ಲಿ ಸೊಟ್ಟ ಸೊಟ್ಟ ಅಕ್ಷರ. ನೋಡಿ ಟೈಪ್ ಮಾಡಬೇಕು, ಇಲ್ಲದಿದ್ದರೆ ಅರ್ಜಿ ಹೋಗುವುದಿಲ್ಲ. ಸಾಫ್ಟ್‌ವೇರ್ "ಗ್ರಾಫಿಕ್" ಎನ್ನುತ್ತದೆ, ಅಷ್ಟೇ.

4.45

"ಮೇಡಂ, ಅಲ್ಲೇನಿದೆ?"

ಕ್ಯಾಮೆರಾ ಓಡುತ್ತಿದೆ. ಸರ್ ಬಾಗಿಲಲ್ಲಿ, ತುಟಿಯ ಮೇಲೆ ಬೆರಳಿಟ್ಟು. ಬಾಯಿ ಬಿಡದಿರಲೆಂದೇ ಇದನ್ನು ಬರೆಯುತ್ತಿದ್ದೇನೆ.

"ಮೇಡಂ, ಇದೀರಾ?"

ಸಂಜೆ, ಮನೆ

ಹೇಳಿಬಿಟ್ಟೆ. ಒಂದೊಂದೇ ಅಕ್ಷರ, ಜೋರಾಗಿ. ಅರ್ಜಿ ಹೋಯಿತು. ಸರ್ ಮುಖ ತಿರುಗಿಸಿಕೊಂಡು ಹೊರಟರು.

ಶಿವಶಂಕರ್ ಖುಷಿಪಡುತ್ತಾರೆ ಅಂದುಕೊಂಡಿದ್ದೆ. ಹೆಡ್‌ಫೋನ್ ಕಳಚಿಟ್ಟು, "ಇದಕ್ಕೆ ನನ್ನ ತಮ್ಮನನ್ನೇ ಕರೀಬಹುದಿತ್ತು," ಎಂದರು. ನಾಚಿಕೆಯಾಯಿತು. ಕೋಪವೂ ಬಂತು — ಹೇಳದೇ ಇದ್ದಿದ್ದರೆ?

ನವೆಂಬರ್ 19

ನಾನು ಬಾಯಿ ಬಿಟ್ಟದ್ದಕ್ಕೆ ಇಡೀ ರೆಕಾರ್ಡಿಂಗ್ ರದ್ದು. ಸರ್ ಇನ್ನೂ ಮಾತಾಡಿಸಿಲ್ಲ.

ಡಿಸೆಂಬರ್ 10

ಬೆಳಿಗ್ಗೆ ಶಿವಶಂಕರ್ ಫೋನ್. ಹಾಲ್ ಟಿಕೆಟ್ ಅದೇ ಸೈಟಿನಲ್ಲಿ ಬಂದಿದೆ. ಇವತ್ತೇ ಐದರೊಳಗೆ ತೆಗೆದುಕೊಳ್ಳಬೇಕು, ಇಲ್ಲದಿದ್ದರೆ ಪರೀಕ್ಷೆ ಇಲ್ಲ.

"ನಿಮ್ಮ ಲ್ಯಾಬಿಗೇ ಬರ್ತೀನಿ. ಆದ್ರೆ ಈ ಸಲ ನೀವು ಮಾತಾಡ್ಬಾರ್ದು. ಮಾತು ಕೊಡಿ."

ಕೊಟ್ಟೆ. ಯಾಕೆ ಕೊಟ್ಟೆನೋ.

4.50

ಮತ್ತೆ "ಗ್ರಾಫಿಕ್". ಮತ್ತೆ "ಗ್ರಾಫಿಕ್". ಇವತ್ತು ಸರ್ ಇಲ್ಲ, ಕ್ಯಾಮೆರಾ ಇಲ್ಲ. ಅಕ್ಷರಗಳು ನನಗೆ ಸ್ಪಷ್ಟವಾಗಿ ಕಾಣುತ್ತಿವೆ. ಅವರ ಹಣೆ ಬೆವೆತಿದೆ. ನಾನು ಪಕ್ಕದಲ್ಲೇ ಇರುವುದು ಅವರಿಗೆ ಗೊತ್ತು.

ಈ ಸಲ ಏನನ್ನೂ ಕೇಳುತ್ತಿಲ್ಲ. ನಾನು—