ಇಲ್ಲದ ಕುರಿಗಳ ತಕರಾರು

ಕೆಂಪು ದಿಬ್ಬ, ನವಾಹೊ ಸೀಮೆ, ಅರಿಜೋನಾ
ಜುಲೈ 16, ಮಂಗಳವಾರ

ಒಂದೇ ಒಂದು ಕುರಿಯಿಲ್ಲದ ಮೇವುಗಾವಲಿನ ಘನ ಒಡೆಯರೂ, ಏಣಿ ಹಿಡಿಯುವುದರಲ್ಲಿ ನಿಸ್ಸೀಮರೂ ಆದ ಡೆಲ್ವಿನಣ್ಣನಿಗೆ,

ನಾನು ಕ್ಷೇಮ ಎಂದು ಬರೆಯುವುದು ವಾಡಿಕೆ. ಇವತ್ತು ಆ ವಾಡಿಕೆ ಮುರಿದಿದ್ದೇನೆ. ಎರಡು ಮೈಲಿ ನಡೆದು ಬಂದು ಎದುರಿಗೇ ಬೈಯಬಹುದಿತ್ತು. ಆದರೆ ನಿನ್ನ ಮುಖ ಕಂಡರೆ ನಗು ಬಂದುಬಿಡುತ್ತದೆ, ಹದಿನೇಳು ವರ್ಷದ ಅಭ್ಯಾಸ. ಆದ್ದರಿಂದ ಈ ಕಾಗದ. ನಾಳೆ ಬೆಳಿಗ್ಗೆ ನಿನ್ನ ಫ್ರಿಜ್ಜಿನಿಂದ ಇನ್ಸುಲಿನ್ ತೆಗೆದುಕೊಳ್ಳಲು ಬಂದಾಗ ಅಜ್ಜಿ ಕೊಡುತ್ತಾಳೆ.

ಪ್ರಕರಣದ ವಿವರವನ್ನು ಸನ್ನಿಧಾನದಲ್ಲಿ ನಿವೇದಿಸಿಕೊಳ್ಳುತ್ತೇನೆ. ನಮ್ಮ ಮನೆಗೆ ಕರೆಂಟು ಬರಬೇಕಾದರೆ, ತಂತಿ ಹಾಯುವ ನೆಲದಲ್ಲಿ ಕುರಿ ಮೇಯಿಸುವ ಹಕ್ಕಿರುವವರೆಲ್ಲ ಒಪ್ಪಿ ಸಹಿ ಹಾಕಬೇಕು. ನಾಲ್ವರಲ್ಲಿ ಒಬ್ಬರು ಒಪ್ಪಿಲ್ಲವೆಂದು ಏಪ್ರಿಲಿನಲ್ಲೇ ಸುದ್ದಿ ಬಂತು, ಹೆಸರು ಬರಲಿಲ್ಲ. ನಾವಿಬ್ಬರೂ, ಕೇಳಿಸಿತೇ ಅಣ್ಣ, ನಾವಿಬ್ಬರೂ ಕೂತು ಅದು ಹಾಸ್ಕಿ ಮುದುಕನೇ ಎಂದು ತೀರ್ಪು ಕೊಟ್ಟೆವು. ಅವನ ಹೋತದ ಕೊಂಬಿಗೆ ಬಲ್ಬು ಕಟ್ಟುವ ಯೋಜನೆ ನನ್ನದು. ಹೋತವನ್ನು ಹಿಡಿದುಕೊಂಡವನು ನೀನು. "ಬಿಗಿಯಾಗಿ ಕಟ್ಟೇ, ಮುದ್ಕ ಬೆಳಕು ಕಾಣ್ಲಿ" ಅಂದವನೂ ನೀನೇ.

ನಿನ್ನೆ ಹಾಸ್ಕಿ ಆ ಬಲ್ಬು ಹಿಡಿದುಕೊಂಡು ಬಂದ. "ತಗೋ ತಾಯಿ, ನಿನ್ ಬಲ್ಬು. ನನ್ ಮಾನ ಹೋಗ್ಲಿ, ಹೋತ ನಾಚ್ಕೊಂಡು ಎರಡು ದಿನ ಮೇವು ಮುಟ್ಲಿಲ್ಲ. ನಾನು ಮಾರ್ಚಲ್ಲೇ ಸಹಿ ಹಾಕಿದೀನಿ. ಹೋಗಿ ಕಾಗ್ದ ನೋಡು" ಅಂದ.

ಹೋಗಿ ನೋಡಿದೆ. ಪಂಚಾಯಿತಿ ಮನೆಯ ಗುಮಾಸ್ತೆ ಲುಸಿಂಡಾ ಫೈಲು ತೆಗೆದು, "ನಿಮ್ಮಣ್ಣಂದೇ ಕಣೇ. ನಿಂಗೊತ್ತಿದೆ, ಆಟ ಆಡ್ತಿದೀಯ ಅಂದ್ಕೊಂಡಿದ್ದೆ" ಅಂದಳು. ಕಾರಣ ಬರೆಯುವ ಜಾಗದಲ್ಲಿ ನಿನ್ನ ಕೋಳಿಕಾಲಿನ ಅಕ್ಷರ: "ತಂತಿಯಿಂದ ನನ್ನ ಕುರಿಗಳಿಗೆ ತೊಂದರೆ."

ಯಾವ ಕುರಿಗಳು, ಸ್ವಾಮಿ? ನಿನ್ನಮ್ಮ, ನನ್ನ ದೊಡ್ಡಮ್ಮ, ತೀರಿಹೋದ ವರ್ಷವೇ ಕೊನೆಯ ಹೆಣ್ಣುಕುರಿಯನ್ನೂ ಕೊಟ್ಟುಬಿಟ್ಟೆಯಲ್ಲ. ಈಗ ನಿನ್ನ ದೊಡ್ಡಿಯಲ್ಲಿ ಇರುವುದು ಬರೀ ಗಾಳಿ.

ಹೋದ ತಿಂಗಳು ನೀನು ಬೀಗ ಹಾಕಿಕೊಂಡು ಎರಡು ದಿನ ಕೆಲಸಕ್ಕೆ ಹೋಗಿದ್ದಾಗ, ನಮ್ಮ ಐಸ್ ಡಬ್ಬಿಯಲ್ಲಿಟ್ಟ ಔಷಧಿ ಸೆಕೆಗೆ ಕೆಟ್ಟು ಅಜ್ಜಿ ಸೌದೆ ರಾಶಿಯ ಪಕ್ಕದಲ್ಲಿ ಬಿದ್ದಳು. ಬಂದವನೇ ಗಾಡಿಯನ್ನು ಆಸ್ಪತ್ರೆಗೆ ಓಡಿಸಿದೆ. ಹಿಂದಿನ ಸೀಟಿನಲ್ಲಿ ಅವಳ ತಲೆ ಹಿಡಿದುಕೊಂಡು ನಾನು, "ನಮ್ಮನೇಲೂ ಕರೆಂಟಿದ್ದಿದ್ರೆ" ಎಂದು ಬಿಕ್ಕಿದೆ. ನೀನು ಕನ್ನಡಿಯಲ್ಲಿ ನನ್ನನ್ನು ನೋಡಿ "ಹೂಂ" ಅಂದೆ. ಆಗಲಾದರೂ ಹೇಳಬಹುದಿತ್ತು. ಕುರಿಯ ಸುಳ್ಳನ್ನು ಬೇಕಾದರೆ ಕ್ಷಮಿಸಿಯೇನು, ಆ "ಹೂಂ" ಮಾತ್ರ ಆಗದು.

ನಾನು ಎಂಟು ವರ್ಷದವಳಿದ್ದಾಗ ಸೂರಿಗೆ ಬಲ್ಬು, ಗೋಡೆಗೆ ಸುಳ್ಳು ಸ್ವಿಚ್ಚು ಜಡಿದೆವಲ್ಲ, ಏಣಿ ಹಿಡಿದವನು ನೀನೇ. ಅಜ್ಜಿ ಈಗಲೂ ದಿನಾ ಸಂಜೆ ಅದನ್ನು ಟಕ್ ಅನ್ನಿಸಿ "ಬಂತೇನೇ?" ಅನ್ನುತ್ತಾಳೆ. ನಾನು "ಬಂತಜ್ಜಿ, ಕಣ್ಣು ಕುಕ್ತಿದೆ" ಅನ್ನುತ್ತೇನೆ. ನಿನ್ನೆ ಮಾತ್ರ ಸೌದೆ ತರುವ ನೆಪ ಮಾಡಿ ಹೊರಗೆ ಹೋದೆ.

ತಂತಿ ಎಳೆಯುವ ತಂಡ ಶುಕ್ರವಾರ ಹೊರಡುತ್ತದೆ. ಗುರುವಾರ ಸಂಜೆಯೊಳಗೆ ನಿನ್ನ ಸಹಿ ಸೇರದಿದ್ದರೆ ನಮ್ಮ ಮನೆಯ ಸರದಿ ಮುಂದಿನ ವರ್ಷಕ್ಕೆ. ಹೊಸ ಫಾರಂ ಜೊತೆಗಿದೆ. ಕಾರಣ ನನಗೆ ಬೇಡ. ಸಹಿ ಸಾಕು.

ಇಂತಿ,
ನಿನ್ನ ತಂಗಿಯಾಗಿದ್ದ
ಲಿಯಾಂಡ್ರಾ

ಬರೆಯಲು ಇಷ್ಟವಿಲ್ಲದೆ ಬರೆದದ್ದು: ಕಾಗದವನ್ನು ಅಜ್ಜಿಗೆ ಓದಿ ಹೇಳಿದೆ. ಬೈಯುತ್ತಾಳೆ ಅಂದುಕೊಂಡಿದ್ದೆ. "ನಂಗೊತ್ತಿತ್ತು ಕಣೇ" ಅಂದಳು. "ನಮ್ಮನೇಗೇ ಫ್ರಿಜ್ಜು ಬಂದ್ರೆ ಅಜ್ಜಿ ಇನ್ನು ಯಾಕ್ ಬರ್ತಾಳೆ ಅಂತ ಅವನಿಗೆ ಹೆದ್ರಿಕೆ. ಅವರಮ್ಮ ಹೋದ್ಮೇಲೆ ಆ ಮನೆ ಬಾಗ್ಲು ತಟ್ಟೋಳು ನಾನೊಬ್ಳೇ. ಬರಿ, ಕರೆಂಟು ಬಂದ್ಮೇಲೂ ಅರ್ಧ ಔಷ್ಧಿ ಅವನ ಫ್ರಿಜ್ಜಲ್ಲೇ ಇರತ್ತೆ, ಬೆಳಿಗ್ಗೆ ನಂಗೆ ನೀಲಿಜೋಳದ ಗಂಜಿ ಕಾಯ್ಸಿಡ್ಲಿ." ಬರೆದಿದ್ದೇನೆ. ನಿನಗೆ ಗೊತ್ತಿತ್ತು, ಅಜ್ಜಿಗೂ ಗೊತ್ತಿತ್ತು. ಪಾಪದ ಹೋತದ ಕೊಂಬಿಗೆ ನಿಜವಾಗಿಯೂ ಸಿಟ್ಟಿನಿಂದ ಬಲ್ಬು ಕಟ್ಟಿದವಳು ನಾನೊಬ್ಬಳೇ.