ಬಾಣಂತಿ ಕೋಣೆಯ ದನಿಗೋಡೆ

ಗದಗ ದಿಬ್ಬ,
ಕ್ರಿ.ಶ. ೨೪೧೮, ಹದಿಮೂರನೇ ತಿಂಗಳ ಮೊದಲ ಸೋಮವಾರ

ಹಳೆಯ ಕಾಲದ ಬಂಧುಗಳೇ,

ನನ್ನ ಮಾತು ವಿಚಿತ್ರವಾಗಿ ಕೇಳಿದರೆ ಕ್ಷಮಿಸಿ. ನಾನು ಶಾಲೆಗೆ ಹೋದದ್ದು ಕಡಿಮೆ, ಹೋದಾಗಲೂ ಹೊರಗೆ ನಿಂತದ್ದೇ ಹೆಚ್ಚು. ನೀವೆಲ್ಲ ಸತ್ತು ಬಹಳ ಕಾಲವಾಗಿದೆ. ಉಳಿದಂತೆ ಕ್ಷೇಮವೆಂದು ನಂಬಿದ್ದೇನೆ.

ನಮ್ಮಲ್ಲಿ ಬಾಣಂತಿಗೆ ದೃಷ್ಟಿ ತಾಗಬಾರದೆಂದು ತಿಂಗಳು ತುಂಬುವ ತನಕ ಕೋಣೆಯ ಬಾಗಿಲು ತೆರೆಯುವುದಿಲ್ಲ. ಊಟ ಕಿಂಡಿಯಿಂದ ಹೋಗುತ್ತದೆ. ಒಳಗೆ ದನಿಗೋಡೆ ಇರುತ್ತದೆ. ತಾಯಿ ಬಸುರಿಯಾದಾಗಿನಿಂದಲೇ ಆಕೆಯ ಮಾತು ಕೇಳಿ ಕಲಿತು, ಆಕೆ ಮಲಗಿದಾಗ ಆಕೆಯದೇ ದನಿಯಲ್ಲಿ ಜೋಗುಳ ಹಾಡುವ ಗೋಡೆ ಅದು. ಹೊರಗಿನವರು ಮಾತಾಡಿಸಿದರೆ, ಆಕೆಯ ನಿದ್ದೆ ಕೆಡದಿರಲೆಂದು ಉತ್ತರವನ್ನೂ ಕೊಡುತ್ತದೆ. ಆಗಾಗ ಅದಕ್ಕೆ ಹಾಲು ಬಳಿಯಬೇಕು. ಒಣಗಿದರೆ ದನಿ ಒಡೆಯುತ್ತದೆ.

ನನ್ನ ಮಗಳು ದ್ಯಾಮವ್ವ ಹೆತ್ತಮೇಲೆ ನಾನು ದಿನವೂ ಬಾಗಿಲ ಬಳಿ ಕೂಗುತ್ತಿದ್ದೆ.

"ಹೆಂಗದಿಯವ್ವಾ?"

"ಅರಾಮ ಅದೀನಪ್ಪಾ. ಕೂಸೂ ಅರಾಮ."

ನನ್ನ ಹೆಂಡತಿ ನೀಲವ್ವ ಓಣಿಗೆಲ್ಲ ಸಾರಿದಳು: "ನಮ್ಮಾಕಿ ಒಂದಿನ ಕಣ್ಣೀರ ಹಾಕಿಲ್ರೀ! ಬಂಗಾರದಂಥಾ ಬಾಣಂತಿ!"

ಒಂದು ಮಧ್ಯಾಹ್ನ ಕೂಗಿದೆ: "ಕೂಸಿನ ಮೂಗು ನನ್ನಂಗ ಐತೇನವ್ವಾ? ಹಂಗಿದ್ರ ಮೂಗಿಗೊಂದು ಬ್ಯಾರೆ ತೊಟ್ಲ ಬೇಕಾಗತೈತಿ!"

ಒಳಗಿನಿಂದ ಉದ್ದನೆಯ, ಇಂಪಾದ ನಗು ಬಂತು. ದ್ಯಾಮವ್ವನದೇ ದನಿ. ಆದರೆ ದ್ಯಾಮವ್ವ ನನ್ನ ಹಾಸ್ಯಕ್ಕೆ ಎಂದೂ ನಕ್ಕವಳಲ್ಲ. "ಸಾಕ ಬಿಡೋ ಅಪ್ಪಾ, ಕಿವಿ ಕೊಳೀತಾವ" ಎಂದು ಬೈಯುವವಳು. ಬಾಗಿಲಿಗೆ ಕಿವಿಯಿಟ್ಟೆ. ನಗು ನಿಲ್ಲಲಿಲ್ಲ.

"ಬಾಗಲಾ ತಗೀಬ್ಯಾಡ, ಕೇಡು ಬಡೀತೈತಿ!" ನೀಲವ್ವ ಚೀರಿದಳು. ನಾನು ಬಾಗಿಲನ್ನು ಒದ್ದು ತೆರೆದೆ.

ದ್ಯಾಮವ್ವ ನೆಲದ ಮೇಲೆ ಕುಳಿತಿದ್ದಳು, ಬಾಯಿಗೆ ಸೆರಗು ತುರುಕಿಕೊಂಡು. ಕಿಂಡಿಯ ಕೆಳಗೆ ಅನ್ನ ಹಳಸಿತ್ತು. ತೊಡೆಯ ಮೇಲಿನ ಕೂಸು ತಾಯಿಯ ಮುಖ ಬಿಟ್ಟು ಗೋಡೆಯತ್ತ ನೋಡುತ್ತಿತ್ತು.

ನಾನು ಹಾಸ್ಯ ಮಾಡಲಿಲ್ಲ. ಪಕ್ಕದಲ್ಲಿ ಕುಳಿತೆ. ಬಹಳ ಹೊತ್ತಿನ ಮೇಲೆ ಅವಳೇ ಸೆರಗು ತೆಗೆದಳು.

"ನಾ ಕೂಗಿದ್ನೋ ಅಪ್ಪಾ. ಈ ಗ್ವಾಡಿ ನನಗಿಂತ ಮೊದಲ ಮಾತಾಡತೈತಿ. ನಾ ಸತ್ರೂ ಯಾರಿಗೂ ಗೊತ್ತಾಗಂಗಿಲ್ಲ ಅನಸ್ತು."

ಈಗ ಅವಳನ್ನು ಮನಸ್ಸಿನ ವೈದ್ಯೆಯ ಬಳಿಗೆ ನೀಲವ್ವನೇ ಕರೆದೊಯ್ಯುತ್ತಾಳೆ. ಕೂಸು ಅತ್ತರೆ ನಾನು ಎತ್ತಿಕೊಳ್ಳುತ್ತೇನೆ. ಮೊನ್ನೆ ನನ್ನ ಹಾಸ್ಯಕ್ಕೆ ದ್ಯಾಮವ್ವ ಮೊದಲಿನಂತೆ ಬೈದಳು. ಓಣಿಗೆಲ್ಲ ಬೆಲ್ಲ ಹಂಚಿದೆ.

ನಿಮ್ಮ ಗೋಡೆಗಳಿಗೆ ಇನ್ನೂ ಬಾಯಿ ಬಂದಿಲ್ಲವಂತೆ. ಆದರೂ ಬಸುರಿಯನ್ನಾಗಲಿ ಬಾಣಂತಿಯನ್ನಾಗಲಿ ಹೊಸ್ತಿಲಾಚೆ ನಿಂತು ಕೇಳಬೇಡಿ. ಒಳಗೆ ಹೋಗಿ, ಮುಖ ನೋಡಿ, ಕೂತಿರಿ.

ನಾನು ಹೊರಡಬೇಕು. ನಮ್ಮ ಓಣಿಯ ಕೊನೆಯಲ್ಲಿ ಇನ್ನೊಬ್ಬ ಬಾಣಂತಿಯ ಬಾಗಿಲು ಮುಚ್ಚಿದೆ. ಒಳಗೆ ಯಾರೋ ಬಹಳ ಚೆನ್ನಾಗಿ ಹಾಡುತ್ತಿದ್ದಾರೆ.

ನಿಮ್ಮ
ಫಕ್ಕೀರಪ್ಪ